ಜಪಾನಿನ ಮಕ್ಕಳ ಜೊತೆ ನಮ್ಮ ಮಕ್ಕಳು ಮಾತಾಡಲಿ

ಮಾನ್ಯರೇ,

ಸರ್ಕಾರಿ ಶಾಲೆ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಜಪಾನಿನಲ್ಲೂ ಇದೇ ದೂರಿದೆ. ಅಲ್ಲಿ ಅವರು ಏನು ಮಾಡಿದರು ಅನ್ನುವುದನ್ನು ನಾವು ಗಮನಿಸಬೇಕು.

1987ರಲ್ಲಿ ಜಪಾನ್ ‘ಜೆಟ್’ ಎಂಬ ಕಾರ್ಯಕ್ರಮ ಶುರು ಮಾಡಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಿಂದ 848 ಯುವಕ ಯುವತಿಯರು ಬಂದರು. ಆಮೇಲೆ ಬೇರೆ ದೇಶಗಳೂ ಸೇರಿಕೊಂಡವು. ಬಂದವರಲ್ಲಿ ಬಹುಪಾಲು ಜನರ ಕೆಲಸ ಒಂದೇ. ಶಾಲೆಯ ಇಂಗ್ಲಿಷ್ ಮೇಷ್ಟರ ಪಕ್ಕ ನಿಂತು ಪಾಠಕ್ಕೆ ನೆರವಾಗುವುದು. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಎಷ್ಟೋ ಕಡೆ ಅದು ಪಾಠವನ್ನು ಗಟ್ಟಿಯಾಗಿ ಓದಿ, ಮಕ್ಕಳ ಕೈಲಿ ಹೇಳಿಸುವಷ್ಟಕ್ಕೇ ನಿಂತಿತು. 2020ರಿಂದ 5 ಮತ್ತು 6ನೇ ತರಗತಿಯಲ್ಲೂ ಇಂಗ್ಲಿಷ್ ಪೂರ್ಣ ವಿಷಯವಾಗಿದೆ. ಆದರೂ ಮಕ್ಕಳ ಸಂಕೋಚ ಬಿಟ್ಟಿಲ್ಲ.

ಇದನ್ನು ನಾನು ಸುಮ್ನೆ ಓದಿ ಹೇಳುತ್ತಿಲ್ಲ. ನನ್ನ ಅಕ್ಕನ ಮಗಳು ಜಪಾನಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಂಥ ಸಹಾಯಕ ಶಿಕ್ಷಕಿ. ನಾನು ಇಲ್ಲಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಇಬ್ಬರೂ ಸೇರಿ ನಮ್ಮ ಎರಡು ತರಗತಿಗಳನ್ನು ವಿಡಿಯೊ ಕರೆಯಲ್ಲಿ ಎದುರುಬದುರು ಕೂರಿಸಿದೆವು. ವಿಷಯ: ಶಾಲೆಯ ಊಟ.

ಅಲ್ಲಿ ಮಕ್ಕಳೇ ಬಿಳಿ ಟೋಪಿ, ಏಪ್ರನ್ ಹಾಕಿಕೊಂಡು ಊಟ ಬಡಿಸುತ್ತಾರೆ. ಊಟದ ಜೊತೆ ಹಾಲು ಇರುತ್ತದೆ. ಅದನ್ನು ನೋಡಿದ್ದೇ ತಡ, ತರಗತಿಯಲ್ಲಿ ಬಾಯಿಯೇ ಬಿಡದ ನಮ್ಮ ಹುಡುಗನೊಬ್ಬ ಎದ್ದು ನಿಂತು “ಯು ಮಿಲ್ಕ್, ವಿ ಮಿಲ್ಕ್!” ಎಂದ. ಕ್ಷೀರಭಾಗ್ಯದ ಹಾಲು ಅವನ ತಲೆಯಲ್ಲಿತ್ತು. ಆ ಕಡೆಯವರಿಗೆ ಪೂರ್ತಿ ಅರ್ಥವಾಯಿತು. ಆಮೇಲೆ ಒಬ್ಬ ಹುಡುಗಿ ರಾಗಿ ಮುದ್ದೆಯ ಬಗ್ಗೆ ಹೇಳತೊಡಗಿದಳು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಅಂದರೆ ಅವರು ನಂಬಲೇ ಇಲ್ಲ. “ನೋ ಚ್ಯೂ” ಅಂದಳು, ಆಗಲಿಲ್ಲ. ಗಂಟಲು ಮುಟ್ಟಿ ತೋರಿಸಿ “ಸ್ಟ್ರೇಟ್ ಗೋ” ಅಂದಳು. ಕೊನೆಗೆ ನನ್ನ ಕಡೆ ತಿರುಗಿ, ನುಂಗುವುದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಮಿಸ್ ಎಂದು ಕೇಳಿದಳು. ಒಂದು ಪದ ತನಗೆ ಬೇಕು ಎಂದು ಮಗು ತಾನಾಗಿ ಕೇಳುವುದನ್ನು ನಾನು ಪಾಠದಲ್ಲಿ ಕಂಡದ್ದು ಬಹಳ ಅಪರೂಪ. ಹೇಳಿಕೊಟ್ಟ ಪದವನ್ನು ಅವಳು ಇವತ್ತಿಗೂ ಮರೆತಿಲ್ಲ.

ಎದುರಿಗೆ ಇಂಗ್ಲೆಂಡಿನವರೋ ಅಮೆರಿಕದವರೋ ಇದ್ದಿದ್ದರೆ ಈ ಹುಡುಗಿ ಬಾಯಿ ಬಿಡುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನ ‘ಎ’, ‘ದಿ’ಗಳು ಎರಡರಲ್ಲೂ ಇಲ್ಲ. ಹಾಗಾಗಿ ಇಬ್ಬರೂ ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ತಪ್ಪು ಮಾಡಿದರೆ ನಗುವವರು ಯಾರೂ ಇರುವುದಿಲ್ಲ. ಇಂಗ್ಲಿಷ್ ಯಾರ ಮನೆಮಾತೂ ಅಲ್ಲದ ಇಬ್ಬರು ಮಕ್ಕಳು ಅದನ್ನು ಹಂಚಿಕೊಂಡಾಗ ಕಲಿಕೆಗೆ ಒಂದು ಧೈರ್ಯ ಬರುತ್ತದೆ. ಯುರೋಪಿನಲ್ಲಿ 2005ರಿಂದ ‘ಇ-ಟ್ವಿನ್ನಿಂಗ್’ ಹೆಸರಿನಲ್ಲಿ ಬೇರೆ ಬೇರೆ ದೇಶಗಳ ಶಾಲೆಗಳು ಹೀಗೆ ಜೋಡಿಯಾಗಿ ಕೆಲಸ ಮಾಡುತ್ತಿವೆ. ನಮಗೆ ಅಂಥ ವ್ಯವಸ್ಥೆ ಯಾಕಿಲ್ಲ?

2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಮಾಧ್ಯಮದ ಬಗ್ಗೆ ವಾದ ಮಾಡಿದಷ್ಟು, ಆ ಇಂಗ್ಲಿಷಿನಲ್ಲಿ ಮಗು ಯಾರ ಜೊತೆ ಮಾತಾಡಬೇಕು ಎಂದು ನಾವು ಯೋಚಿಸಿಲ್ಲ ಅಲ್ವಾ? ಜಪಾನಿನಲ್ಲಿ ಈಗ ಶಾಲೆಯ ಪ್ರತಿ ಮಗುವಿಗೂ ಟ್ಯಾಬೊ ಲ್ಯಾಪ್‌ಟಾಪೊ ಕೊಟ್ಟಿದ್ದಾರೆ. ನಮ್ಮಲ್ಲಿ ಅಷ್ಟೆಲ್ಲ ಬೇಕಿಲ್ಲ. ತರಗತಿಗೆ ಒಂದು ಪರದೆ, ಒಂದು ಸರಿಯಾದ ಮೈಕ್, ಕೈಕೊಡದ ಇಂಟರ್ನೆಟ್ ಇದ್ದರೆ ಸಾಕು. ಅವರ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 10.30 ಆದಾಗ ಅಲ್ಲಿ ಮಧ್ಯಾಹ್ನ 2. ಎರಡೂ ಕಡೆ ಶಾಲೆಯ ಹೊತ್ತೇ.

ಈಗ ಇಂಥದ್ದನ್ನು ಮಾಡುವ ಶಿಕ್ಷಕರು ತಮ್ಮ ಮೊಬೈಲು, ತಮ್ಮ ಡೇಟಾ, ತಮ್ಮ ಪರಿಚಯದ ಮೇಲೆ ಮಾಡಬೇಕು. ಯಾರನ್ನು ಕೇಳಿ ಮಾಡಿದಿರಿ ಎಂಬ ಪ್ರಶ್ನೆ ಬಂದರೆ ಉತ್ತರವಿಲ್ಲ. ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿ ಇದಕ್ಕೆ ಅನುಮತಿ ಕೊಡಲಿ. ಪೋಷಕರ ಒಪ್ಪಿಗೆ ಕಡ್ಡಾಯವಾಗಲಿ, ಮಕ್ಕಳ ಫೋನ್ ನಂಬರ್ ಆಚೆ ಹೋಗದಂತೆ ನಿಯಮವಿರಲಿ. 1963ರಿಂದ ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡುತ್ತಿರುವ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಈ ಕೆಲಸವನ್ನೂ ಹೇಳಿಕೊಡಬಹುದು. ಜುಲೈ ಕೊನೆಗೆ ಜಪಾನಿನ ಶಾಲೆಗಳಿಗೆ ಬೇಸಿಗೆ ರಜೆ ಬರುತ್ತದೆ. ಸುತ್ತೋಲೆ ಮೇ ತಿಂಗಳಲ್ಲೇ ಬಂದರೆ, ಜೂನ್‌ನಲ್ಲಿ ನಮ್ಮ ಶಾಲೆ ತೆರೆದ ಕೂಡಲೇ ಶುರು ಮಾಡಲು ನನ್ನಂಥ ಶಿಕ್ಷಕರು ತಯಾರಿದ್ದೇವೆ.

– ಇಂಗ್ಲಿಷ್ ಶಿಕ್ಷಕಿ, ತುಮಕೂರು ಜಿಲ್ಲೆ