ಥೀಸಿಸ್ ಮುಗಿಯಿತು, ಇವರಿಗೆಲ್ಲ ನನ್ನ ನಮಸ್ಕಾರ

ಹೋದ ವಾರ ಅಹಮದಾಬಾದಿನಲ್ಲಿ ನನ್ನ ವೈವಾ ಆಯಿತು. ಗುಜರಾತಿ ಸಿನಿಮಾ ಇತಿಹಾಸದ ಮೇಲಿನ ಪಿಎಚ್‌ಡಿ ಕೊನೆಗೂ ಕೈಸೇರಿತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಕೆಲವರನ್ನು ಇಲ್ಲಿ ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲನೆಯವರು ನಾನು ಬಾಡಿಗೆಗಿದ್ದ ಮನೆಯ ಅಜ್ಜಿ. ಇಡೀ ಬೀದಿಗೇ ಅವರು 'ಬಾ', ಅಂದರೆ ಗುಜರಾತಿಯಲ್ಲಿ ಅಮ್ಮ. ನನಗೆ ಗುಜರಾತಿ ಕಲಿಸಿದ್ದು ಅವರೇ. ನಿರೂಪಾ ರಾಯ್ ಅಂದರೆ ನಮಗೆ ಅಮಿತಾಭ್ ಬಚ್ಚನ್ ತಾಯಿ, ಅಲ್ವಾ? ಬಾ ಪಾಲಿಗೆ ಆಕೆ ವಲಸಾಡಿನ ಹುಡುಗಿ. ಪೇಪರಿನ ಜಾಹೀರಾತು ನೋಡಿ ಹೋಗಿ, 1946ರ 'ರಾಣಕದೇವಿ'ಯಲ್ಲಿ ಪಾತ್ರ ಪಡೆದವಳು. ಗುಜರಾತ್ ರಾಜ್ಯವಾದ 1960ರಲ್ಲೇ 'ಮೆಹಂದಿ ರಂಗ್ ಲಾಗ್ಯೋ' ಬಂತು. ಅದರ ಹಾಡುಗಳನ್ನು ಬಾ ರೊಟ್ಟಿ ಲಟ್ಟಿಸುತ್ತಲೇ ಹಾಡುತ್ತಿದ್ದರು. ಅವಿನಾಶ್ ವ್ಯಾಸರ ಸಂಗೀತದಲ್ಲಿ ಗರ್ಬಾ ಎಷ್ಟು ಬೆರೆತಿದೆ ಅಂತ ನನಗೆ ಗೊತ್ತಾಗಿದ್ದು ಆ ಅಡುಗೆಮನೆಯಲ್ಲಿ.

ರಾಜ್‌ಕೋಟಿನ ಹಳೇ ಪುಸ್ತಕದಂಗಡಿಯ ಕಾಕಾ ಅವರ ಋಣ ದೊಡ್ಡದು. ಗುಜರಾತಿಯ ಮೊದಲ ಟಾಕಿ, ನಾನುಭಾಯಿ ವಕೀಲ್ ನಿರ್ದೇಶನದ 'ನರಸಿಂಹ ಮೆಹ್ತಾ', ಬಂದದ್ದು 1932ರಲ್ಲಿ. ನಮ್ಮ 'ಸತಿ ಸುಲೋಚನಾ'ಕ್ಕಿಂತ ಎರಡು ವರ್ಷ ಮೊದಲು. ಹಳೇ ಚಿತ್ರಗಳನ್ನು ನೋಡೋಣ ಅಂದರೆ ಎಷ್ಟೋ ಪ್ರಿಂಟುಗಳೇ ಉಳಿದಿಲ್ಲ. ಉಳಿದಿರುವುದು ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು. ಕಾಕಾ ಅವನ್ನು ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ತೆಳ್ಳನೆಯ ಕಾಗದ, ತುಕ್ಕು ಹಿಡಿದ ಪಿನ್ನು. ಮೊದಲ ಪುಟದಲ್ಲಿ ಕಥೆ ಶುರುವಾಗಿ ನಡುವೆ ನಿಲ್ಲುತ್ತದೆ: ಮುಂದೇನಾಯಿತು, ಪರದೆಯ ಮೇಲೆ ನೋಡಿ! ಪರದೆಯೇ ಇಲ್ಲದ ಮೇಲೆ ಎಲ್ಲಿ ನೋಡುವುದು? ಕಥೆಯ ಉಳಿದರ್ಧವನ್ನು ಎಷ್ಟೋ ಸಲ ಕಾಕಾ ಬಾಯಲ್ಲೇ ಕೇಳಿದೆ. ಒಂದೊಂದು ಪುಟವನ್ನೂ ಫೋಟೋ ತೆಗೆಯಲು ಬಿಟ್ಟರು. ದುಡ್ಡು ಕೊಡಲು ಹೋದರೆ ಚಹಾ ತರಿಸಿದರು.

ಭವಾಯಿ ಅಂದರೆ ಗುಜರಾತಿನ ಬಯಲಾಟ. ಮೆಹಸಾಣಾ ಕಡೆಯ ಅದರ ಒಬ್ಬ ಹಿರಿಯ ಕಲಾವಿದರು ನನಗಾಗಿ ಭೂಂಗಳ ಊದಿ ತೋರಿಸಿದರು. ಅದು ತಾಮ್ರದ ಉದ್ದನೆಯ ಕೊಳವೆ. ಆಟ ಶುರು ಅಂತ ಊರಿಗೆ ಸಾರುವುದೇ ಅದರ ದನಿ. ಕೇತನ್ ಮೆಹ್ತಾ 1980ರಲ್ಲಿ ಮಾಡಿದ 'ಭವನಿ ಭವಾಯಿ', ಅಸ್ಪೃಶ್ಯತೆಯ ಕಥೆಯನ್ನು ಈ ಬಯಲಾಟದ ರೀತಿಯಲ್ಲೇ ಹೇಳುತ್ತದೆ. ಅದಕ್ಕೆ ಎರಡು ಅಂತ್ಯ ಯಾಕಿದೆ ಅನ್ನುವುದೂ ಅವರ ಜೊತೆ ಕೂತ ಮೇಲೆಯೇ ನನಗೆ ಬಗೆಹರಿದದ್ದು.

ನನ್ನ ಗೈಡ್ ಮೇಡಂ ಕಲಿಸಿದ್ದು ಬೇರೆ. 1971ರ 'ಜೇಸಲ್ ತೋರಲ್' ಗೆದ್ದ ಮೇಲೆ, ಸರ್ಕಾರದ ತೆರಿಗೆ ವಿನಾಯಿತಿಯೂ ಸಿಕ್ಕು, ಹಳ್ಳಿ ಕಥೆ, ಜಾನಪದ ಕಥೆಗಳ ಚಿತ್ರಗಳು ಸಾಲುಸಾಲಾಗಿ ಬಂದವು. ಉಪೇಂದ್ರ ತ್ರಿವೇದಿ, ಸ್ನೇಹಲತಾ, ನರೇಶ್ ಕನೋಡಿಯಾ ಅವರ ಕಾಲ ಅದು. ಪೇಟೆಯವರು ಅದನ್ನು ಸುಮ್ನೆ ತಳ್ಳಿಹಾಕುತ್ತಾರೆ. ಮೇಡಂ ಒಪ್ಪಲಿಲ್ಲ, ಈಗ ನಾನೂ ಒಪ್ಪುವುದಿಲ್ಲ. ಹಳ್ಳಿಯ ಜನ ತಮ್ಮ ಭಾಷೆಯನ್ನು ತೆರೆಯ ಮೇಲೆ ಕೇಳಿದ್ದು ಆ ಚಿತ್ರಗಳಿಂದ.

ನಡುವೆ ಅಪ್ಪನಿಗೆ ಹುಷಾರು ತಪ್ಪಿ ಬರವಣಿಗೆ ನಿಂತೇ ಹೋಗಿತ್ತು. ಆಗ ಗೆಳತಿಯರು ಎಳೆದುಕೊಂಡು ಹೋಗಿ 'ಹೆಲ್ಲಾರೋ' ತೋರಿಸಿದರು. ತುರ್ತು ಪರಿಸ್ಥಿತಿಯ ಕಾಲದ ಕಛ್, ಗರ್ಬಾ ಆಡಲು ಹೆಂಗಸರಿಗೆ ಅನುಮತಿ ಇಲ್ಲ. ನೀರಿಗೆ ಹೋದವರು ಧೋಲ್ ಕೇಳಿ ಮರುಭೂಮಿಯಲ್ಲೇ ಕುಣಿಯುತ್ತಾರೆ. ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಮೊದಲ ಗುಜರಾತಿ ಚಿತ್ರವಿದು, 13 ನಟಿಯರಿಗೂ ಒಟ್ಟಿಗೆ ಪುರಸ್ಕಾರ ಸಿಕ್ಕಿತು. ಮರುದಿನವೇ ನಾನು, ಹಳ್ಳಿಯ ವಿಧವೆಯೊಬ್ಬಳ ಕಥೆ ಹೇಳುವ 1969ರ ಚಿತ್ರ 'ಕಂಕು' ಬಗೆಗಿನ ಅಧ್ಯಾಯಕ್ಕೆ ಕೂತೆ. ಥೀಸಿಸ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಅಧ್ಯಾಯ ಅದೇ. ಗೆಳತಿಯರೇ, ಅದು ನಿಮ್ಮದು.

ಅಪ್ಪ ಈಗ ಚೆನ್ನಾಗಿದ್ದಾರೆ. ಕೆಲಸ ಇನ್ನೂ ಇದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನಿಮ್ಮ ಪರಿಚಯದ ಗುಜರಾತಿ ಮನೆಗಳಲ್ಲಿ ಹಳೇ ಹಾಡಿನ ಪುಸ್ತಕ, ಪೋಸ್ಟರ್ ಇದ್ದರೆ ದಯವಿಟ್ಟು ರದ್ದಿಗೆ ಹಾಕಲು ಬಿಡಬೇಡಿ. ಒಂದು ಮಾತು ತಿಳಿಸಿ, ನಾನೇ ಬಂದು ಫೋಟೋ ತೆಗೆದುಕೊಂಡು ಹೋಗುತ್ತೇನೆ.