ಘಾಟಿ ಇಳಿಯುವ ಪಿಕಪ್‌ಗಳಲ್ಲಿ ಬೆಲ್ಟ್ ಜೊತೆ ಪುಲ್ಲಿಯನ್ನೂ ಬದಲಿಸಿ

ಸಂಪಾದಕರಿಗೆ,

ಮಾನ್ಯರೇ,

ಚಿಕ್ಕಮಗಳೂರು, ಬೇಲೂರು ಕಡೆಯ ತರಕಾರಿಯಲ್ಲಿ ಬಹುಪಾಲು ಕರಾವಳಿಯ ಮಾರುಕಟ್ಟೆಗಳನ್ನು ಮುಟ್ಟುವುದು ಪಿಕಪ್ ವಾಹನಗಳಲ್ಲಿ. 2019ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಭಾರಿ ಲಾರಿಗಳಿಗೆ ನಿರ್ಬಂಧ ಬಂದಾಗ ಈ ಸಣ್ಣ ವಾಹನಗಳೇ ನಮ್ಮ ಭಾಗದ ಸರಕು ಸಾಗಣೆಯನ್ನು ಕೈಹಿಡಿದು ನಡೆಸಿದವು. ಕೊಟ್ಟಿಗೆಹಾರದಿಂದ ಲೋಡ್ ಹೊತ್ತು ಇಳಿಯುವ ಇಂತಹ ವಾಹನಗಳು ಎಂಜಿನ್ ಮುಂಭಾಗದ ಬೆಲ್ಟ್ ತುಂಡಾಗಿ ತಿರುವಿನಲ್ಲಿ ನಿಂತಿರುವುದನ್ನು ಆಗಾಗ ಕಾಣುತ್ತೇನೆ. ತುಂಡಾದ ಬೆಲ್ಟನ್ನು ಎಲ್ಲರೂ ಬದಲಿಸುತ್ತಾರೆ. ಆ ಬೆಲ್ಟನ್ನು ತಿಂದ ಸವೆದ ಪುಲ್ಲಿಯನ್ನು, ಎಂದರೆ ಬೆಲ್ಟ್ ಸುತ್ತಿ ಓಡುವ ಚಕ್ರವನ್ನು, ಬದಲಿಸುವವರು ಕಡಿಮೆ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾಗಿರುವ ನಾನು ಈ ಒಂದು ವಿಷಯವನ್ನು ವಾಹನ ಮಾಲೀಕರ, ಚಾಲಕರ ಹಾಗೂ ಗ್ಯಾರೇಜಿನವರ ಗಮನಕ್ಕೆ ತರಬಯಸುತ್ತೇನೆ.

ಎಂಜಿನ್ ನೇರವಾಗಿ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ಬೆಲ್ಟ್, ನಮ್ಮವರು ಈಗಲೂ ಡೈನಮೊ ಎಂದೇ ಕರೆಯುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಅನೇಕ ವಾಹನಗಳಲ್ಲಿ ವಾಟರ್ ಪಂಪ್ ಮತ್ತು ಪವರ್ ಸ್ಟಿಯರಿಂಗ್ ಪಂಪ್ ಕೂಡ ಇದೇ ಬೆಲ್ಟಿನ ಮೇಲೆ ನಡೆಯುತ್ತವೆ. ಹಾಗಾಗಿ ಬೆಲ್ಟ್ ಹೋದರೆ ಎಂಜಿನ್ ಕಾಯುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಇಷ್ಟನ್ನು ಚಾಲಕರೆಲ್ಲ ಬಲ್ಲರು. ಆದರೆ ಹಲವು ಡೀಸೆಲ್ ವಾಹನಗಳಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ನಿರ್ವಾತ) ಪಂಪನ್ನು ಡೈನಮೊದ ಬೆನ್ನಿಗೇ ಜೋಡಿಸಿರುತ್ತಾರೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅಂತಹ ವಾಹನದಲ್ಲಿ ಬೆಲ್ಟ್ ತುಂಡಾದ ಬಳಿಕ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಕೆಲವೇ ಸಲ ಬ್ರೇಕ್ ಒತ್ತುವಷ್ಟರಲ್ಲಿ ಮುಗಿದು, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡರೆ ಚಾಲಕರು ಅದನ್ನು ಬರೀ ಚಾರ್ಜಿಂಗ್ ತೊಂದರೆ ಎಂದು ಬಗೆದು ಮುಂದುವರಿಯಬಾರದು. ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ, ಗೇರ್ ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ವೇಗ ತಗ್ಗಿಸಿ, ಒಂದೇ ಸಲ ಬಲವಾಗಿ ಒತ್ತಿ ಹಿಡಿದು ಪಕ್ಕಕ್ಕೆ ನಿಲ್ಲಿಸಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿಕೊಂಡು ಬರುವವರಿಗೆ ಈ ಅವಕಾಶವೂ ಇರುವುದಿಲ್ಲ.

ಪುಲ್ಲಿ ಸವೆಯುವುದು ಎರಡು ಬಗೆ. ಹಳೆಯ ವಾಹನಗಳ ವಿ ಆಕಾರದ ಬೆಲ್ಟ್ ಹಿಡಿತ ಪಡೆಯುವುದು ಪುಲ್ಲಿಯ ಸುತ್ತಲಿನ ತೋಡಿನ ಎರಡು ಗೋಡೆಗಳಿಂದ. ತಳಕ್ಕೆ ಅದು ತಾಗಲೇಬಾರದು. ಗೋಡೆಗಳು ಸವೆದಂತೆ ಬೆಲ್ಟ್ ಕೆಳಕ್ಕೆ ಕೂರುತ್ತದೆ, ಜಾರುತ್ತದೆ, ಜಾರಿದಾಗ ಕಾಯುತ್ತದೆ. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಆ ಪುಲ್ಲಿಗೆ ಹೊಸ ಬೆಲ್ಟ್ ಹಾಕಿ ಪ್ರಯೋಜನವಿಲ್ಲ. ಕಿರುಚುವ ಬೆಲ್ಟಿಗೆ ಸೋಪು ಉಜ್ಜುವುದರಿಂದ ಸದ್ದು ಸ್ವಲ್ಪ ಹೊತ್ತು ಅಡಗುತ್ತದೆಯೇ ವಿನಾ ಸವೆತ ನಿಲ್ಲುವುದಿಲ್ಲ. ಬೆಲ್ಟನ್ನು ಮಿತಿಮೀರಿ ಬಿಗಿದರೆ ಡೈನಮೊ ಮತ್ತು ವಾಟರ್ ಪಂಪಿನ ಬೇರಿಂಗ್‌ಗಳೂ ಹಾಳಾಗುತ್ತವೆ.

ಈಚಿನ ವಾಹನಗಳ ಅಗಲವಾದ ಗೆರೆ ಬೆಲ್ಟಿನಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಬೆಲ್ಟಿಗೆ ದಾರಿ ತೋರುವ ಐಡ್ಲರ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಪುಲ್ಲಿಯ ಬೇರಿಂಗ್. ಈ ಪುಲ್ಲಿಗಳು ಕ್ರ್ಯಾಂಕ್ ಪುಲ್ಲಿಗಿಂತ ಚಿಕ್ಕವಾದ್ದರಿಂದ ಎಂಜಿನ್ನಿಗಿಂತ ವೇಗವಾಗಿ ತಿರುಗುತ್ತವೆ. ಗಾತ್ರ ಅರ್ಧವಿದ್ದರೆ, ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಇವು 6,000 ಸುತ್ತು ತಿರುಗುತ್ತವೆ. ಮಲೆನಾಡಿನ ಕೆಸರು ನೀರು ಸೀಲ್ ದಾಟಿ ಒಳಹೊಕ್ಕರೆ ಗ್ರೀಸ್ ಕೆಟ್ಟು, ಗುಂಡುಗಳು ಒಣಗಿ ಉಜ್ಜತೊಡಗುತ್ತವೆ.

ಪರೀಕ್ಷೆ ಕಷ್ಟವೇನಲ್ಲ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬೆಲ್ಟ್ ಬಿಚ್ಚಿ, ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ ಕಿವಿಗೊಡಬೇಕು. ಒಳ್ಳೆಯ ಪುಲ್ಲಿ ಸದ್ದಿಲ್ಲದೆ, ಗ್ರೀಸಿನ ಸಣ್ಣ ತಡೆಯೊಂದಿಗೆ ತಿರುಗಿ ಬೇಗ ನಿಲ್ಲುತ್ತದೆ. ಗ್ರೀಸ್ ಒಣಗಿದ ಪುಲ್ಲಿ ಗರಗರ ಎನ್ನುತ್ತಾ ಬಹಳ ಹೊತ್ತು ಸುತ್ತುತ್ತದೆ. ಅದು ಸಲೀಸಾಗಿ ತಿರುಗುತ್ತಿದೆಯೆಂದು ಒಳ್ಳೆಯದೆಂದುಕೊಳ್ಳುವ ಹುಡುಗರನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ತಿದ್ದಿದ್ದೇನೆ. ಅಂಚನ್ನು ಹಿಡಿದು ಆಡಿಸಿದಾಗ ಅಲುಗಿದರೆ, ಬೇರಿಂಗಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಮತ್ತೆ ಯೋಚಿಸುವ ಅಗತ್ಯವಿಲ್ಲ. ಕ್ರ್ಯಾಂಕ್ ಪುಲ್ಲಿಯನ್ನೂ ನೋಡಬೇಕು: ಅನೇಕ ಎಂಜಿನ್ನುಗಳಲ್ಲಿ ಅದರ ಎರಡು ಲೋಹದ ಬಳೆಗಳ ನಡುವೆ ರಬ್ಬರ್ ಇರುತ್ತದೆ, ಆ ರಬ್ಬರ್ ಬಿರಿದರೆ ಹೊರಬಳೆ ಸರಿದು ಬೆಲ್ಟ್ ಓರೆಯಾಗಿ ಓಡುತ್ತದೆ.

ಬದಲಿಸುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಬೆಲ್ಟ್ ಸುತ್ತಿರುವ ದಾರಿಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಪುಲ್ಲಿಗಳ ಬೋಲ್ಟಿಗೆ ಎಡ ಮರೆ, ಎಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು, ಇರುತ್ತದೆ. ತಿಳಿಯದೆ ಬಲ ಹಾಕಿದರೆ ಬೋಲ್ಟ್ ಒಳಗೇ ಮುರಿಯುತ್ತದೆ. ಹೊಸ ಪುಲ್ಲಿ ಕೂರಿಸಿದ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡವಿಟ್ಟು ಎಲ್ಲ ಪುಲ್ಲಿಗಳೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡಿ, ತಯಾರಕರು ಹೇಳಿದಷ್ಟೇ ಟಾರ್ಕ್ (ತಿರುಚುವ ಬಲ) ಕೊಟ್ಟು ಬಿಗಿಯಬೇಕು.

ಪುಲ್ಲಿಯ ತೋಡು ಚೆನ್ನಾಗಿದ್ದರೆ ಬೇರಿಂಗ್ ಮಾತ್ರ ಪ್ರೆಸ್ ಮಾಡಿಸಿ ಹಾಕುವ ಪದ್ಧತಿ ನಮ್ಮಲ್ಲಿದೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಬೇರಿಂಗಿನ ನಂಬರ್ ಒಂದೇ ಇದ್ದ ಮಾತ್ರಕ್ಕೆ ಸಾಲದು. ಉದಾಹರಣೆಗೆ 6203 ಎಂಬ ಬೇರಿಂಗ್ ಯಾವುದೇ ತಯಾರಕರದ್ದಾದರೂ ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್ ಇರುತ್ತದೆ. ಅದೇ ನಂಬರಿನಲ್ಲಿ ತೆರೆದ ಬೇರಿಂಗ್ ಇದೆ, ತಗಡಿನ ಮುಚ್ಚಳದ್ದಿದೆ, ಎರಡೂ ಬದಿ ರಬ್ಬರ್ ಸೀಲ್ ಇರುವುದೂ ಇದೆ. ಘಾಟಿಯ ಮಳೆಯಲ್ಲಿ ಓಡುವ ವಾಹನಕ್ಕೆ ರಬ್ಬರ್ ಸೀಲಿನದೇ ಬೇಕು. ಅಂಗಡಿಯಲ್ಲಿ ಅಗ್ಗದ್ದನ್ನು ಕೇಳುವ ಮಾಲೀಕರು ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಬೇಕು.

ಗ್ಯಾರೇಜಿನವರನ್ನಷ್ಟೇ ದೂರುವುದು ನ್ಯಾಯವಲ್ಲ. ಮಾಲು ಬಾಡುವ ಮುನ್ನ ಮಾರುಕಟ್ಟೆ ಸೇರಬೇಕೆಂಬ ಅವಸರದಲ್ಲಿ ಮಾಲೀಕರೇ ಫೋನಿನಲ್ಲಿ "ಸದ್ಯಕ್ಕೆ ಬೆಲ್ಟ್ ಹಾಕಿ ಕಳಿಸಿ" ಎನ್ನುತ್ತಾರೆ. ಪುಲ್ಲಿ ಉಳಿಸಿದ ಹಣಕ್ಕೆ ಪ್ರತಿಯಾಗಿ, ಎಂಜಿನ್ ಕಾದು ಅದರ ಮೇಲ್ಭಾಗದ ಹೆಡ್ ಬಾಗಿದರೆ ಹತ್ತಾರು ಸಾವಿರ ರೂಪಾಯಿ ಖರ್ಚು ಬೀಳುತ್ತದೆ. ಬಾಡಿಗೆಗೆ ದುಡಿಯುವ ಚಾಲಕನ ಜೀವಕ್ಕಂತೂ ಲೆಕ್ಕವಿಡಲಾಗದು.

ಸರಕು ವಾಹನಗಳಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಎಫ್‌ಸಿ (ವಾಹನದ ಅರ್ಹತಾ ಪ್ರಮಾಣಪತ್ರ) ಮಾಡಿಸಬೇಕೆಂಬ ನಿಯಮವಿದೆ. ಎರಡು ಎಫ್‌ಸಿಗಳ ನಡುವೆ ಘಾಟಿಯಲ್ಲಿ ಕನಿಷ್ಠ ಒಂದು ಇಡೀ ಮಳೆಗಾಲ ಕಳೆದಿರುತ್ತದೆ. ಆದ್ದರಿಂದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಐಟಿಐಗಳು ಮತ್ತು ಸ್ಥಳೀಯ ಗ್ಯಾರೇಜ್ ಮಾಲೀಕರು ಕೂಡಿ ಪ್ರತಿವರ್ಷ ಮೇ ತಿಂಗಳಲ್ಲಿ ಕೊಟ್ಟಿಗೆಹಾರದಲ್ಲೂ ಘಾಟಿಯ ಕೆಳಗಿನ ಚಾರ್ಮಾಡಿಯಲ್ಲೂ ಉಚಿತ ಬೆಲ್ಟ್, ಪುಲ್ಲಿ ತಪಾಸಣಾ ಶಿಬಿರ ನಡೆಸಬೇಕೆಂದು ವಿನಂತಿಸುತ್ತೇನೆ. ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ತರಬೇತಿಯಲ್ಲಿರುವ ವಿದ್ಯಾರ್ಥಿಗಳಿಗೆ ಇದು ಕೈಗೆಲಸದ ಪಾಠವೂ ಆಗುತ್ತದೆ. ಅಂತಹ ಶಿಬಿರ ಏರ್ಪಟ್ಟರೆ ಬೋಧಕನಾಗಿ ಬಂದು ನಿಲ್ಲಲು ನಾನು ಸಿದ್ಧನಿದ್ದೇನೆ.

ಇಂತಿ,
ನಿವೃತ್ತ ಐಟಿಐ ಬೋಧಕ,
ಮೂಡಿಗೆರೆ ತಾಲ್ಲೂಕು