ಪಾಲುದಾರಿಕೆ ಸಂಸ್ಥೆಗಳಿಗೆ ಇವತ್ತಿನ ತಾರೀಕಿನ ಪತ್ರ ಕೊಡಿಸಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ನಾವು ಮಂಗಳೂರು, ಉಡುಪಿಯ ವ್ಯಾಪಾರಸ್ಥರ ಲೆಕ್ಕಪತ್ರ ನೋಡಿಕೊಳ್ಳುವವರು. ಗೇರುಬೀಜ, ಮೀನು, ಹೋಟೆಲು, ಯಾವ ಕಸುಬು ತೆಗೆದುಕೊಂಡರೂ ಕರಾವಳಿಯಲ್ಲಿ ಅಣ್ಣತಮ್ಮಂದಿರು, ಭಾವ-ಮೈದುನರು ಸೇರಿ ಕಟ್ಟಿದ ಪಾಲುದಾರಿಕೆ ಸಂಸ್ಥೆಗಳು ಸಿಗುತ್ತವೆ. ಸಾಲ ಕೊಡುವ ಬ್ಯಾಂಕಿಗೂ ಮೊದಲ ಆರ್ಡರ್ ಕೊಡುವ ಹೊರದೇಶದ ಖರೀದಿದಾರನಿಗೂ ಇವರಿಂದ ಬೇಕಾದ್ದು ಒಂದೇ: ಸಂಸ್ಥೆ ಇವತ್ತಿಗೂ ಊರ್ಜಿತದಲ್ಲಿದೆ ಎಂಬುದಕ್ಕೆ ಸರ್ಕಾರಿ ಪುರಾವೆ.

ಕಂಪನಿಯಾದರೆ ತೊಂದರೆಯಿಲ್ಲ. ಕೇಂದ್ರದ ಕಂಪನಿ ವ್ಯವಹಾರಗಳ ಜಾಲತಾಣದಲ್ಲಿ ಹೆಸರು ಹಾಕಿದರೆ ‘ಆಕ್ಟಿವ್’ ಹೌದೋ ಅಲ್ಲವೋ ಯಾರಿಗಾದರೂ ಕಾಣುತ್ತದೆ. ಪಾಲುದಾರಿಕೆ ಸಂಸ್ಥೆಯ ಕೈಯಲ್ಲಿರುವುದು ನೋಂದಣಿ ಪತ್ರ ಮಾತ್ರ. 1987ರ ಪತ್ರ 1987ರ ಸಂಗತಿಯನ್ನಷ್ಟೇ ಹೇಳುತ್ತದೆ. ಮರುವರ್ಷವೇ ಸಂಸ್ಥೆ ವಿಸರ್ಜನೆಯಾಗಿದ್ದರೂ ಕಾಗದ ಹಾಗೇ ಇರುತ್ತದೆ. ಹಾಗಾಗಿ ಜಿಎಸ್‌ಟಿ ಪ್ರಮಾಣಪತ್ರ, ಟ್ರೇಡ್ ಲೈಸೆನ್ಸ್, ಉದ್ಯಮ್ ಪ್ರತಿ ಎಲ್ಲ ಸೇರಿಸಿ ಫೈಲು ದಪ್ಪ ಮಾಡುತ್ತಾರೆ. ಒಂದು ತೆರಿಗೆಗೆ, ಇನ್ನೊಂದು ಆ ಜಾಗದಲ್ಲಿ ವ್ಯಾಪಾರ ಮಾಡುವುದಕ್ಕೆ, ಮತ್ತೊಂದು ಸಣ್ಣ ಉದ್ಯಮದ ಸವಲತ್ತಿಗೆ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ.

ಉತ್ತರ ಇರಬೇಕಾದ್ದು ನಿಮ್ಮ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯ ವಹಿಯಲ್ಲಿ, ಅಂದರೆ ಪಾಲುದಾರಿಕೆ ಸಂಸ್ಥೆಗಳ ದಾಖಲೆ ಪುಸ್ತಕದಲ್ಲಿ. ಅದರ ದೃಢೀಕೃತ ನಕಲನ್ನು ಶುಲ್ಕ ಕಟ್ಟಿದ ಯಾರಿಗಾದರೂ ಕೊಡಬೇಕೆಂದು 1932ರ ಪಾಲುದಾರಿಕೆ ಕಾಯ್ದೆಯ 67ನೇ ಕಲಮು ಹೇಳುತ್ತದೆ. ಆದರೆ ವಹಿಯೇ ಹಳತಾಗಿರುವುದು ಸಾಮಾನ್ಯ. ಅಪ್ಪ ನಿವೃತ್ತರಾಗಿ ಮಗ ಒಳಬಂದಾಗ ಹೊಸ ಪಾಲುದಾರಿಕೆ ಪತ್ರ ಬರೆಸುತ್ತಾರೆ. ಬ್ಯಾಂಕು, ಜಿಎಸ್‌ಟಿಯಲ್ಲಿ ಹೆಸರು ಬದಲಾಗುತ್ತದೆ, ಬದಲಾಗದಿದ್ದರೆ ಕೆಲಸ ನಿಲ್ಲುತ್ತದಲ್ಲ! 63ನೇ ಕಲಮಿನಡಿ ನೋಂದಣಾಧಿಕಾರಿಗೆ ಕೊಡುವ ಬದಲಾವಣೆಯ ನೋಟಿಸ್ ಮಾತ್ರ ಉಳಿದುಬಿಡುತ್ತದೆ. ಅದಿಲ್ಲದೆ ನಾಳೆಯ ವ್ಯಾಪಾರವೇನೂ ನಿಲ್ಲುವುದಿಲ್ಲ.

ಪೆಟ್ಟು ಬೀಳುವುದು ಬಾಕಿ ವಸೂಲಿಗೆ ಕೋರ್ಟಿಗೆ ಹೋದಾಗ. ದಾವೆ ಹೂಡುವ ಪಾಲುದಾರರ ಹೆಸರು ವಹಿಯಲ್ಲಿ ಇರಲೇಬೇಕು ಎನ್ನುತ್ತದೆ 69ನೇ ಕಲಮು. ಇಲ್ಲವೆಂದು ಎದುರಾಳಿ ವಕೀಲರು ಎತ್ತಿದರೆ, ಹೆಸರು ಸೇರಿಸಿ ಹೊಸದಾಗಿ ದಾವೆ ಹೂಡಬೇಕು. ಅಷ್ಟರಲ್ಲಿ 3 ವರ್ಷದ ಕಾಲಮಿತಿ ಮುಗಿದಿದ್ದರೆ ಹಣ ಹೋದಂತೆಯೇ.

ವಿಳಾಸದ್ದೂ ಇದೇ ಗೋಳು. ವಹಿಯಲ್ಲಿ ಹಳೆಯ ಡೋರ್ ನಂಬರ್, ಜಿಎಸ್‌ಟಿಯಲ್ಲಿ ಹೊಸದು. ಬ್ಯಾಂಕಿನವರಿಗೆ ಅದು ಎರಡು ಸಂಸ್ಥೆಯಂತೆ ಕಾಣುತ್ತದೆ.

ನಮ್ಮ ಬೇಡಿಕೆಗೆ ಕಾಯ್ದೆ ತಿದ್ದುಪಡಿ ಬೇಕಿಲ್ಲ. ದೃಢೀಕೃತ ನಕಲಿನ ಮೇಲೆ ಕೊಟ್ಟ ದಿನಾಂಕ, ಅಂದಿನ ಪಾಲುದಾರರ ಹೆಸರು, ಕೊನೆಯ ಬದಲಾವಣೆ ದಾಖಲಾದ ದಿನ, ‘ಈ ದಿನದವರೆಗೆ ವಿಸರ್ಜನೆಯ ನೋಟಿಸ್ ದಾಖಲಾಗಿಲ್ಲ’ ಎಂಬ ಒಂದು ಸಾಲು ಇರಲಿ. ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಇದ್ದರೆ ದುಬೈಯಲ್ಲಿ ಕೂತವರೂ ಪರಿಶೀಲಿಸಿಕೊಳ್ಳುತ್ತಾರೆ. ಹಳೆಯ ಕೈಬರಹದ ವಹಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಪಾಲುದಾರರ ಹೆಸರನ್ನು ಅವರ ಪಾನ್ ಕಾರ್ಡಿನಲ್ಲಿರುವಂತೆ ತಾಳೆ ನೋಡಿಸಿ. ‘ಶೆಟ್ಟಿ’ ಎಂಬುದರ ಇಂಗ್ಲಿಷ್ ಕಾಗುಣಿತವೇ ಎರಡು ಬಗೆಯಿರುವ ಊರು ಇದು.

ನೋಟಿಸ್ ಬಂದಿಲ್ಲ ಎಂದ ಮಾತ್ರಕ್ಕೆ ಸಂಸ್ಥೆ ಚೆನ್ನಾಗಿ ನಡೆಯುತ್ತಿದೆ ಎಂದು ಸರ್ಕಾರ ಖಾತರಿ ಕೊಟ್ಟಂತಾಗುವುದಿಲ್ಲ. ಅದನ್ನೂ ಪತ್ರದ ಕೆಳಗೇ ಅಚ್ಚು ಹಾಕಿಸಿ, ನಮ್ಮ ಅಭ್ಯಂತರವಿಲ್ಲ.

ಇತಿ,
ಮಂಗಳೂರು ಮತ್ತು ಉಡುಪಿಯ ತೆರಿಗೆ ಸಲಹೆಗಾರರು